ಕೆಂಪು ಟೀಯಿಂದ ಹದಿನಾರನೇ ಹೋಲ್

ಹದಿನಾರನೇ ಹೋಲಿನ ಬಂಡೆಗಳ ಮೇಲೆ ಸುಣ್ಣದ ಕತ್ತರಿ ಗುರುತು ಬಿದ್ದದ್ದನ್ನು ನಾನು ನೋಡಿದ್ದು ಚಾಂಪಿಯನ್‌ಶಿಪ್‌ನ ಹಿಂದಿನ ವಾರ. ಕಂಟ್ರಾಕ್ಟರನ ಜನ ಬಂದು, ಡ್ರಿಲ್ ಎಲ್ಲೆಲ್ಲಿ ಇಳಿಸಬೇಕೆಂದು ಅಳೆದು, ಬ್ರಶ್ಶಿನಲ್ಲಿ ಬಳಿದು ಹೋಗಿದ್ದರು. ನನ್ನನ್ನು ಯಾರೂ ಕೇಳಿರಲಿಲ್ಲ. ಕ್ಲಬ್ಬಿನ ಗಾಲ್ಫ್ ಸೆಕ್ರೆಟರಿ ಎಂದರೆ ಎಲ್ಲಾ ತೀರ್ಮಾನವಾದ ಮೇಲೆ ಸರ್ಕ್ಯುಲರ್ ಟೈಪ್ ಮಾಡಿಸುವ ಹೆಂಗಸು ಎಂದೇ ಬಹಳಷ್ಟು ಮೆಂಬರುಗಳು ತಿಳಿದಿದ್ದರು. ಪಂದ್ಯದ ದಿನ ಕುಳಿ ಎಲ್ಲಿ ತೋಡಬೇಕು, ಆಟಗಾರ ಎಲ್ಲಿ ನಿಂತು ಹೊಡೆಯಬೇಕು ಎಂಬಲ್ಲಿ ಮಾತ್ರ ನನ್ನ ಮಾತು ನಡೆಯುತ್ತಿತ್ತು. ಅಷ್ಟೇ ಅಧಿಕಾರದಲ್ಲಿ ಆ ಹೋಲನ್ನು ಉಳಿಸಿಕೊಳ್ಳಬೇಕಿತ್ತು.

ಗಾಲ್ಫ್ ಆಡದವರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. ಪಾರ್ ತ್ರೀ ಹೋಲ್ ಎಂದರೆ ಒಂದೇ ಹೊಡೆತಕ್ಕೆ ಚೆಂಡು ಗ್ರೀನ್ ಎಂಬ ನುಣುಪು ಹುಲ್ಲಿನ ಅಂಗಳ ತಲುಪಬೇಕು, ಮೆಲ್ಲಗೆ ತಳ್ಳುವ ಇನ್ನೆರಡು ಹೊಡೆತಗಳಲ್ಲಿ ಕುಳಿಗೆ ಬೀಳಬೇಕು. ಒಟ್ಟು ಮೂರು. ನಮ್ಮ ಹದಿನಾರನೆಯದು ಇಡೀ ಕೋರ್ಸಿನಲ್ಲೇ ಗಿಡ್ಡದು, ನೂರಮೂವತ್ತು ಗಜ. ಮುಂದೆ ಬಂಕರ್ ಎಂಬ ಒಂದು ಆಳವಾದ ಮರಳಿನ ಹಳ್ಳ. ಎಡಕ್ಕೆ ಒಣಗಿದ ನಾಲಾ. ಹಿಂದೆ, ಯಾರೋ ತಂದಿಟ್ಟು ಮರೆತು ಹೋದ ಹಾಗೆ, ಎರಡು ದೊಡ್ಡ ಬಂಡೆಗಳು. ಅವುಗಳ ನಡುವೆ ಸಂಜೆಯ ಗಾಳಿ ನುಗ್ಗುತ್ತಿತ್ತು. ಗ್ರೀನ್ ಎಷ್ಟು ಚಿಕ್ಕದೆಂದರೆ ನಾನು ಓದಿದ ಕಾನ್ವೆಂಟಿನ ಚಾಪೆಲ್ ಅದಕ್ಕಿಂತ ದೊಡ್ಡದಿತ್ತು. ಮಿಕ್ಕ ಹೋಲುಗಳಲ್ಲಿ ದೂರ ಹೊಡೆಯುವವನಿಗೆ ಅರ್ಧ ಆಟ ಮೊದಲೇ ಗೆದ್ದ ಹಾಗೆ. ಇಲ್ಲಿ ಮಾತ್ರ ಪೈಲ್ವಾನನ ಕೈಯಲ್ಲೂ ಪೆನ್ಶನರ್ ಕೈಯಲ್ಲೂ ಹೆಚ್ಚುಕಡಿಮೆ ಅದೇ ಕ್ಲಬ್ಬು, ಎಂದರೆ ಹೊಡೆಯುವ ಕೋಲು.

ಆ ವರ್ಷಗಳಲ್ಲಿ ಹೈದರಾಬಾದಿನ ಪಶ್ಚಿಮದ ಕಡೆ ಎಲ್ಲವೂ ಉದ್ದವಾಗುತ್ತಿತ್ತು. ರಸ್ತೆ, ಕಟ್ಟಡ, ಜನರ ಕೊರಳಲ್ಲಿ ತೂಗುವ ಐಡಿ ಕಾರ್ಡಿನ ಪಟ್ಟಿ. ನಮ್ಮ ಕಾಂಪೌಂಡ್ ಗೋಡೆಯ ಆಚೆ ಸೀತಾಫಲದ ಗಿಡಗಳಿದ್ದ ಜಾಗದಲ್ಲಿ ಗಾಜಿನ ಕಟ್ಟಡ ಎದ್ದು ನಿಂತಿತು. ಅದರ ಸಾಫ್ಟ್‌ವೇರ್ ಕಂಪನಿಯೇ ಚಾಂಪಿಯನ್‌ಶಿಪ್‌ಗೆ ಸ್ಪಾನ್ಸರ್. ಹದಿನಾರನೇ ಹೋಲಿನ ಹಿಂದಿನ ದಿಬ್ಬಕ್ಕೆ ಅವರು ಆಗಲೇ ಕಲ್ಲು ಕಟ್ಟಿಸಿ ಹೊಸ ಟೀ ಮಾಡಿಸಿದ್ದರು. ಟೀ ಎಂದರೆ ನಿಂತು ಹೊಡೆಯುವ ಕಟ್ಟೆ. ಅಲ್ಲಿಂದ ಇನ್ನೂರು ಗಜ ದಾಟುತ್ತದೆ. ಅಷ್ಟು ದೂರದ ಹೊಡೆತ ಆ ಪುಟ್ಟ ಗ್ರೀನ್ ಮೇಲೆ ನಿಲ್ಲದು. ಆದ್ದರಿಂದ ಬಂಡೆ ಒಡೆದು, ನಾಲಾ ಮುಚ್ಚಿ, ಗ್ರೀನನ್ನು ಮೂರು ಪಟ್ಟು ಹಿಗ್ಗಿಸುವ ಪ್ಲಾನು.

ಕಂಪನಿಯ ಇವೆಂಟ್ ಮ್ಯಾನೇಜರ್ ಮೈಸೂರಿನ ಹುಡುಗ, ಮರ್ಯಾದಸ್ಥ. ನಮ್ಮ ಕ್ಯಾಪ್ಟನ್ ರಾಯಚೂರು ಕಡೆಯ ರಿಟೈರ್ಡ್ ಚೀಫ್ ಇಂಜಿನಿಯರ್; ಕಮಿಟಿಯಲ್ಲಿ ಇಂಗ್ಲಿಷ್, ಸಿಟ್ಟು ಬಂದರೆ ಕನ್ನಡ. ಬಂಡೆ ನೋಡಿದ ದಿನವೇ ನಾನು ಇಬ್ಬರನ್ನೂ ಅಲ್ಲಿಗೆ ಕರೆಸಿದೆ.

“ಮೇಡಂ, ಬೇಜಾರ್ ಮಾಡ್ಕೋಬೇಡಿ,” ಎಂದ ಮ್ಯಾನೇಜರ್. “ನಮ್ಮ ಎಂಡಿ ನೋಡಿದ್ರು. ಇದು ಚಾಂಪಿಯನ್‌ಶಿಪ್ ಹೋಲ್ ಥರ ಕಾಣ್ಸಲ್ಲ ಅಂದ್ರು. ಲೇಡೀಸ್ ಹೋಲ್ ಇದ್ದಂಗಿದೆ ಅಂತ.”

“ಲೇಡೀಸ್ ಏನು ಪಾಪ ಮಾಡಿದ್ದಾರಪ್ಪಾ?” ಎಂದೆ.

“ಅಯ್ಯೋ, ನಾನಲ್ಲ ಮೇಡಂ ಅಂದಿದ್ದು!”

ಕ್ಯಾಪ್ಟನ್ ಟೋಪಿ ತೆಗೆದು ತಲೆ ಒರೆಸಿಕೊಂಡರು. “ನೋಡ್ರಿ, ಇಬ್ರದೂ ಬ್ಯಾಡ. ಈ ಚಾಂಪಿಯನ್‌ಶಿಪ್ ಇದ್ದಂಗ ಆಗ್ಲಿ. ಹೋಲು ತನ್ನ ಮರ್ಯಾದಿ ತಾ ಉಳಿಸ್ಕೊಂಡ್ರ ಇರ್ಲಿ. ನಗೆಪಾಟ್ಲಾತಂದ್ರ ಸೋಮವಾರ ಮೀಟಿಂಗ್‌ನ್ಯಾಗ ಪಾಸ್ ಮಾಡಿ ಡ್ರಿಲ್ ಇಳಸೂದs. ಆತಿಲ್ಲೊ?”

ಆಯಿತು ಎಂದೆ. ಬೇರೆ ಏನನ್ನಬಹುದಿತ್ತು?

ನಮ್ಮ ಹಿಂದೆ ನಿಂತು ಮಾತು ಕೇಳಿಸಿಕೊಳ್ಳುತ್ತಿದ್ದವನು ಹೆಡ್ ಮಾಲಿ. ಬೀದರ್ ಕಡೆಯವನು, ಆ ಹದಿನೆಂಟು ಗ್ರೀನುಗಳನ್ನು ಸ್ವಂತ ಎಮ್ಮೆಗಳ ಹಾಗೆ ನೋಡಿಕೊಳ್ಳುವವನು. ಅವನ ಮುಖ ಆಗಲೇ ಗಮನಿಸಿದ್ದರೆ ಚೆನ್ನಾಗಿತ್ತು.

ಚಾಂಪಿಯನ್‌ಶಿಪ್‌ನ ಮೊದಲನೆಯ ದಿನ ಕಾಚಿಗೂಡದ ಮನೆಯಿಂದ ಮೊದಲ ಬಸ್ಸಿಗೆ ಮೆಹದಿಪಟ್ಟಣಂ, ಅಲ್ಲಿಂದ ಕ್ಲಬ್ಬಿನ ಜೀಪು. ಪಂದ್ಯದ ಬೆಳಗ್ಗೆ ನನ್ನ ಕೆಲಸ ಹೀಗೆ: ಮಾಲಿಗಳು ಹುಲ್ಲು ಕತ್ತರಿಸಿ ಮುಗಿಸಿರುತ್ತಾರೆ. ನಾನು ಒಂದೊಂದೇ ಗ್ರೀನಿಗೆ ಹೋಗಿ ಹೆಜ್ಜೆಯಲ್ಲಿ ಅಳೆದು ಜಾಗ ತೋರಿಸಬೇಕು. ಉಕ್ಕಿನ ಸಿಲಿಂಡರಿನಂಥ ಹೋಲ್ ಕಟರನ್ನು ಅಲ್ಲಿ ತಿರುವಿ ಇಳಿಸಿ ಮಣ್ಣಿನ ಗಟ್ಟಿಯನ್ನು ಎಬ್ಬಿಸುತ್ತಾರೆ. ಆ ಗಟ್ಟಿ ನಿನ್ನೆಯ ಕುಳಿಗೆ. ಹೊಸ ಕುಳಿಯ ಅಂಚು ಹರಿದಿರಬಾರದು. ಹರಿದರೆ ಕತ್ತರಿಯಿಂದ ಒಂದೊಂದೇ ಎಳೆ ಟ್ರಿಮ್ ಮಾಡುವುದು. ಹದಿನಾರು ಗ್ರೀನ್ ಆಗುವಷ್ಟರಲ್ಲಿ ಸೊಂಟ ನನ್ನದೋ ಬೇರೆಯವರದೋ ಎನ್ನಿಸುತ್ತದೆ. ಆಗ ನನಗೆ ರಿಟೈರ್‌ಮೆಂಟ್ ಹತ್ತಿರವಿತ್ತು.

ಚೆಂಡು ಗ್ರೀನ್ ಮೇಲೆ ಎಷ್ಟು ಉರುಳುತ್ತದೆ ಎಂದು ಅಳೆಯುವ ಲೋಹದ ಪಟ್ಟಿಯೊಂದಿದೆ. ನಮ್ಮ ಕ್ಲಬ್ಬಿನ ವಾಡಿಕೆಯಂತೆ ಅದನ್ನು ಒಂದನೆಯ, ಒಂಬತ್ತನೆಯ, ಹದಿನೆಂಟನೆಯ ಗ್ರೀನುಗಳಲ್ಲಿ ಮಾತ್ರ ಇಡುತ್ತಿದ್ದರು. ಮೂರೂ ಸರಿಯಿದ್ದವು. ಹದಿನಾರನೆಯದು ಅರೆಬೆಳಕಿನಲ್ಲಿ ಕೊಂಚ ಜಾಸ್ತಿಯೇ ಮಿನುಗಿದ ಹಾಗಿತ್ತು. “ಇದೇನು ಇಷ್ಟು ಪಾಲಿಶ್?” ಎಂದೆ. “ಇಬ್ಬನಿ ಐತ್ರಿ ಮೇಡಂ,” ಎಂದ ಮಾಲಿ. ಮಾರ್ಚ್ ಕೊನೆಯ ಹೈದರಾಬಾದಿನಲ್ಲಿ ಇಬ್ಬನಿ!

ಮಧ್ಯಾಹ್ನಕ್ಕೆ ಮೊದಲೇ ವಾಕಿ ಟಾಕಿ ಅರಚತೊಡಗಿತು. ಹದಿನಾರರ ಟೀ ಮೇಲೆ ಮೂರು ಗುಂಪುಗಳು ಕೂತು ಕಾಯುತ್ತಿವೆ. ಜೀಪಿನಲ್ಲಿ ಹೋದೆ. ಚೆಂಡು ಗ್ರೀನಿನ ನಡುವೆ ಬಿದ್ದರೂ ಗಾಜಿನ ಮೇಲೆ ಬಿದ್ದ ಹಾಗೆ ಪುಟಿದು, ಸುಮ್ಮನೆ ಜಾರಿ, ನಾಲಾಕ್ಕೆ ಇಳಿಯುತ್ತಿತ್ತು. ಒಬ್ಬ ಆಟಗಾರ ಮೇಲಕ್ಕೆ ತಳ್ಳಿದ ಚೆಂಡು ಕುಳಿಯವರೆಗೂ ಹೋಗಿ, ಒಂದು ಕ್ಷಣ ನಿಂತು, ಯೋಚನೆ ಬದಲಿಸಿ, ತಿರುಗಿ ಅವನ ಕಾಲ ಬಳಿಗೇ ಬಂತು. ಅವನು ಬಗ್ಗಿ ಅದಕ್ಕೆ ಸಲಾಂ ಮಾಡಿದ. ಕಾಯುತ್ತಿದ್ದವರೆಲ್ಲ ಚಪ್ಪಾಳೆ ತಟ್ಟಿ ನಕ್ಕರು. ನಾನು ಮುಖ ತಿರುಗಿಸಿಕೊಂಡೆ.

ಸಂಜೆ ಪಂಪ್ ಶೆಡ್ಡಿನ ಹತ್ತಿರ ಮಾಲಿಯನ್ನು ಹಿಡಿದೆ.

“ಏನ್ ಮಾಡ್ದಿ? ಖರೇ ಹೇಳು.”

ಅವನು ನೆಲ ನೋಡಿದ. “ಅವರು ಲೇಡೀಸ್ ಹೋಲ್ ಅಂದ್ರಲ್ರಿ ಮೇಡಂ. ನನಗ ಗುಸ್ಸಾ ಬಂತು. ಹುಲ್ಲಿಗೆ ಡಬಲ್ ಕಟ್ ಹೊಡದೆ. ಮ್ಯಾಲ ರೋಲರ್ ಎಳದೆ. ನೀರೂ ಬಿಡಲಿಲ್ಲ. ನೋಡೋಣಂತ, ಎಷ್ಟ್ ಗಂಡಸರಿದ್ದಾರಂತ.”

“ಉಳಿಸ್ತೀನಿ ಅಂತ ಹೋಗಿ ಮುಳುಗಿಸಿದ್ಯಲ್ಲೋ ಮಾರಾಯ!”

“ಗಲ್ತಿ ಆತ್ರಿ.”

ಬಯ್ಯಲು ನನಗೆ ಶಕ್ತಿ ಇರಲಿಲ್ಲ. ಅವನ ಸಿಟ್ಟು ನನ್ನಲ್ಲೂ ಇತ್ತಲ್ಲ. ಹೊತ್ತು ಮುಳುಗುವ ಮೊದಲೇ ಕ್ಯಾಪ್ಟನ್ ಬಂದರು. “ಏನ್ರಿ ಮೇಡಂ, ಇದೇನ್ ಗಾಲ್ಫೊ, ಜಾರುಬಂಡಿನೊ? ನೀರ್ ಬಿಡಸ್ರಿ. ಮೆತ್ತಗಾಗ್ಲಿ.” ಗ್ರೀನಿನ ನೀರು ಕ್ಯಾಪ್ಟನ್ ಕೈಯಲ್ಲಿತ್ತು, ನನ್ನ ಕೈಯಲ್ಲಲ್ಲ. ಸ್ವಲ್ಪ ಸಾಕು ಎಂದೆ. ಅವರು ಎದುರಿಗೆ ನಿಂತು ಸ್ಪ್ರಿಂಕ್ಲರ್ ಹಾಕಿಸಿದರು. ಇಂಜಿನಿಯರಲ್ಲವೇ, ಬಿಟ್ಟರೆ ಕಾಲುವೆಗೆ ಬಿಟ್ಟ ಹಾಗೇ ಬಿಡುತ್ತಾರೆ.

ಎರಡನೆಯ ದಿನ ಗ್ರೀನು ಇಡ್ಲಿ ಹಿಟ್ಟಾಗಿತ್ತು. ಎಲ್ಲಿ ಬಿದ್ದ ಚೆಂಡು ಅಲ್ಲೇ ಕಚ್ಚಿಕೊಂಡಿತು. ಕಣ್ಣು ಮುಚ್ಚಿ ಹೊಡೆದವರಿಗೂ ಎರಡೋ ಮೂರೋ. ಯಾರೂ ಕಾಯಲಿಲ್ಲ, ಬೈಯಲಿಲ್ಲ, ಕ್ಲಬ್ಬು ಬದಲಿಸಲಿಲ್ಲ. ಹಾಗೆ ಬಂದರು, ಹೀಗೆ ಹೋದರು. ನಿನ್ನೆ ನಕ್ಕರು, ಇವತ್ತು ಆಕಳಿಸಿದರು. ನನಗೆ ಇದೇ ಹೆಚ್ಚು ನೋಯಿತು.

ಮೈಸೂರಿನ ಹುಡುಗ ಪಾಪ ಸಮಾಧಾನ ಹೇಳಲೆಂದೇ ಬಂದ. “ಮೇಡಂ, ನಿನ್ನೆ ಸರ್ಕಸ್ ಆಯ್ತು, ಇವತ್ತು ಡಾರ್ಟ್ ಬೋರ್ಡ್ ಆಯ್ತು. ಇದ್ರಲ್ಲಿ ನಿಮ್ ತಪ್ಪಿಲ್ಲ. ಹೋಲೇ ಅಷ್ಟು. ನೂರಮೂವತ್ತು ಗಜದಲ್ಲಿ ಇನ್ನೇನ್ ತಾನೇ ಮಾಡಕ್ಕಾಗುತ್ತೆ?”

ಎಲ್ಲರೂ ಹೋದ ಮೇಲೆ ನಾನು ಹೋಗಿ ಹದಿನಾರರ ಬಂಡೆಯ ಮೇಲೆ ಕೂತೆ. ಶೂ ಬಿಚ್ಚಿದೆ. ಕಾಲು ಊದಿಕೊಂಡಿದ್ದವು. ಅಂಗೈ ಊರಿದ ಕಡೆಯೇ ಸುಣ್ಣದ ಗುರುತು. ಕೈಗೆ ಬಿಳಿ ಹತ್ತಿತು. ಗೋಡೆಯಾಚೆಯ ಗಾಜಿನ ಕಟ್ಟಡದಲ್ಲಿ ಸೂರ್ಯ ಎರಡನೆಯ ಸಲ ಮುಳುಗುತ್ತಿದ್ದ. ನಿಜ ಹೇಳುತ್ತೇನೆ, ಬಿಟ್ಟುಬಿಡೋಣ ಎನ್ನಿಸಿತ್ತು. ಒಂದು ಗ್ರೀನು, ಎರಡು ಕಲ್ಲು. ನಾಳೆ ಬರದೆ ಮನೆಯಲ್ಲೇ ಮಲಗಿದರೆ ಯಾರು ಕೇಳುತ್ತಾರೆ?

ಅಲ್ಲಿಂದ ಎದುರಿಗೆ ಕಾಣುತ್ತಿದ್ದದ್ದು ಲೇಡೀಸ್ ಟೀ. ಗಂಡಸರ ಟೀಗಿಂತ ಮುಂದೆ, ನೂರು ಗಜಕ್ಕಿಂತ ಕೊಂಚ ಕಡಿಮೆ, ನಿಲ್ಲುವ ಜಾಗದ ಗುರುತಿಗೆ ಕೆಂಪು ಮಾರ್ಕರ್. ವಾರವಾರ ನಾವು ಹೆಂಗಸರು ಆಡುತ್ತಿದ್ದದ್ದು ಅಲ್ಲಿಂದ. ನನ್ನ ಭುಜ ಕೆಡುವ ತನಕ ನಾನೂ ಆಡುತ್ತಿದ್ದೆ. ಆ ಟೀ ಮೇಲೆ ನನಗೆ ಯಾವತ್ತೂ ನೆಮ್ಮದಿ ಇರಲಿಲ್ಲ ಎಂದು ಆಗ ನೆನಪಾಯಿತು. ಪೂರ್ತಿ ಬೀಸಿದರೆ ಚೆಂಡು ಬಂಡೆಗೆ. ಅರ್ಧ ಬೀಸಿದರೆ ಕೈ ಹೆದರಿ, ಚೆಂಡು ಬಂಕರಿಗೆ. ಮೇಲಕ್ಕೆ ಹೊಡೆದರೆ ಗಾಳಿ ಹಿಡಿಯುತ್ತದೆ, ತಗ್ಗಿಸಿ ಹೊಡೆದರೆ ನಿಲ್ಲುವುದಿಲ್ಲ. ದೂರ ಹೊಡೆಯುವ ಗಂಡಸರಿಗಂತೂ ಇದು ಇನ್ನೂ ಕಷ್ಟ. ಅವರ ಕೈಗೆ ಪೂರ್ತಿ ಬೀಸಿ ಅಭ್ಯಾಸ. ನೂರಮೂವತ್ತು ಗಜ ಅವರ ಒಂದು ಕ್ಲಬ್ಬಿಗೆ ಅಳತೆ ಹೊಲಿಸಿದ ಹಾಗಿತ್ತು. ನೂರಕ್ಕೆ ಒಳಗೆ ಬಂದರೆ ಯಾವ ಕ್ಲಬ್ಬೂ ಸರಿಯಾದ ಸೈಜಲ್ಲ.

ಕಾನ್ವೆಂಟಿನ ಇಂಗ್ಲಿಷ್ ಕ್ಲಾಸಿನಲ್ಲಿ ಸಿಸ್ಟರ್ ನಮ್ಮಿಂದ ಪ್ರೆಸಿ, ಎಂದರೆ ಸಾರಾಂಶ, ಬರೆಸುತ್ತಿದ್ದರು. ಒಂದು ಪುಟವನ್ನು ಅದರ ಮೂರನೇ ಒಂದಕ್ಕೆ ಇಳಿಸುವುದು. ಎಸ್ಸೇ ಪೀರಿಯಡ್ಡಿನಲ್ಲಿ ಹರಟುತ್ತ ಬರೆಯುತ್ತಿದ್ದ ನಾವೆಲ್ಲ ಪ್ರೆಸಿ ಎಂದರೆ ಪೆನ್ಸಿಲ್ ಕಚ್ಚುತ್ತ ಕೂರುತ್ತಿದ್ದೆವು. ಉದ್ದ ಬರಹದಲ್ಲಿ ತಪ್ಪುಗಳಿಗೆ ಅಡಗಲು ಜಾಗವಿರುತ್ತದೆ. ಕೆಂಪು ಟೀ ಮೇಲೂ ನಾನು ಹಾಗೇ, ಪೆನ್ಸಿಲ್ ಕಚ್ಚುವವಳಂತೆ ನಿಲ್ಲುತ್ತಿದ್ದೆ. ಗ್ರೀನನ್ನು ಗಟ್ಟಿ ಮಾಡಿ ನೋಡಿದ್ದಾಯಿತು, ಮೆತ್ತಗೆ ಮಾಡಿ ನೋಡಿದ್ದಾಯಿತು. ಎರಡರಲ್ಲೂ ನಾವು ಆಟಗಾರನ ಕೈಯಿಂದ ತೀರ್ಮಾನವನ್ನು ಕಿತ್ತುಕೊಂಡಿದ್ದೆವು. ಅದನ್ನು ಅವನಿಗೇ ಹಿಂದಕ್ಕೆ ಕೊಡಬೇಕು ಎನ್ನಿಸಿತು.

ಶೂ ಹಾಕಿಕೊಂಡು ಹೋಗಿ ಮಾಲಿಗೆ ಹೇಳಿದೆ: ನಾಳೆ ಒಂದೇ ಕಟ್, ರೋಲರ್ ಬೇಡ, ಬೇರು ಬಾಡದಷ್ಟು ನೀರು ಸಾಕು. “ಅಷ್ಟs ಏನ್ರಿ?” ಎಂದ, ನಿರಾಸೆಯಿಂದ. “ಅಷ್ಟೇ. ಕ್ಯಾಪ್ಟನ್ ಬಂದರೂ ನಲ್ಲಿ ಮುಟ್ಟಬೇಡ, ನನ್ನ ಹೆಸರು ಹೇಳು.”

ಕೊನೆಯ ದಿನದ ಬೆಳಗ್ಗೆ ಬಂಕರಿನ ಹಿಂದೆ, ಗ್ರೀನಿನ ಮುಂಭಾಗದಲ್ಲಿ ಕುಳಿ ತೋಡಿಸಿದೆ. ಆಮೇಲೆ ಗಂಡಸರ ಬಿಳಿ ಮಾರ್ಕರುಗಳನ್ನು ಎತ್ತಿಕೊಂಡು ಹೋಗಿ ಕೆಂಪು ಟೀ ಮೇಲೆ ನೆಟ್ಟೆ. ಕ್ಯಾಪ್ಟನ್ ಗಾಲ್ಫ್ ಕಾರ್ಟಿನಲ್ಲಿ ಬಂದವರು ಇಳಿಯಲೇ ಇಲ್ಲ, ಕೂತಲ್ಲೇ ಕೂಗಿದರು.

“ಏನ್ರೀ ಇದು? ಚಾಂಪಿಯನ್‌ಶಿಪ್ ಕಡೀ ದಿನ ಗಂಡಸರನ್ನ ಲೇಡೀಸ್ ಟೀ ಮ್ಯಾಲ ನಿಂದರಸ್ತೀರೇನು?”

“ಹೌದು ಸರ್.”

“ಅವರು ಉದ್ದ ಮಾಡ್ರೀ ಅಂತಾರ, ನೀವು ಇದ್ದಿದ್ದೂ ಮೊಟಕು ಮಾಡ್ತೀರಿ! ತಲಿ ಗಿಲಿ ನೆಟ್ಟಗೈತಿಲ್ಲೊ?”

“ಟೀ ನನ್ನ ಡಿಪಾರ್ಟ್‌ಮೆಂಟ್ ಸರ್. ನಗೆಪಾಟಲಾದರೆ ಸೋಮವಾರ ನಾನೇ ಡ್ರಿಲ್ ಗುಂಡಿ ಒತ್ತುತ್ತೇನೆ.”

ಅವರು ನನ್ನನ್ನೇ ನೋಡಿದರು. “ಭಾಳ ದಣದೀರಿ ಮೇಡಂ ನೀವು,” ಎಂದರು, ದನಿ ಇಳಿಸಿ. “ಚಾ ಕುಡೀರಿ ಮೊದಲ.” ಕಾರ್ಟು ಹೋಯಿತು.

ಆ ಟೀ ಮೇಲೆ ಅವತ್ತು ಏನೇನು ಕೇಳಿದೆನೋ! ಒಬ್ಬರು ನಮ್ಮ ಕ್ಲಬ್ಬಿನವರೇ, “ಬಳಿನೂ ತೊಡಸ್ತೀರೇನ್ರಿ ಮೇಡಂ?” ಎಂದು ಕೈ ಚಾಚಿದರು. “ಮೊದಲು ಮೂರಕ್ಕೆ ಮುಗಿಸಿ ಬನ್ನಿ. ಆಮೇಲೆ ಸೈಜ್ ಕೇಳ್ತೀನಿ,” ಎಂದೆ. ಅವರು ಆರಕ್ಕೆ ಮುಗಿಸಿ, ಈ ಕಡೆ ನೋಡದೆ ಹದಿನೇಳಕ್ಕೆ ಹೋದರು. ಅವರ ಹಿಂದೆಯೇ ಬಂದವನಿಗೆ ಎರಡು. ಅವನ ಹಿಂದಿನವನಿಗೆ ಐದು. ನಿನ್ನೆ ಬ್ಯಾಗಿನಿಂದ ಒಂದೇ ಸಲಕ್ಕೆ ಕ್ಲಬ್ಬು ಎಳೆಯುತ್ತಿದ್ದವರು ಈಗ ಎಳೆದು, ಗಾಳಿ ನೋಡಿ, ಒಳಗಿಟ್ಟು, ಇನ್ನೊಂದು ಎಳೆಯುತ್ತಿದ್ದರು. ನಗು ನಿಂತಿತ್ತು. ಆಟ ಮುಗಿಸಿದವರು ಕ್ಲಬ್‌ಹೌಸಿಗೆ ಹೋಗದೆ ತಿರುಗಿ ಬಂದು ಬಂಡೆಗಳ ನೆರಳಿನಲ್ಲಿ ಕೂರತೊಡಗಿದರು. ಮೈಸೂರಿನ ಹುಡುಗನೂ ಅಲ್ಲಿದ್ದ, ಎರಡು ಫೋನುಗಳನ್ನೂ ಜೇಬಿಗೆ ಹಾಕಿಕೊಂಡು.

ಕೊನೆಯ ಗುಂಪು ಬಂದಾಗ ಗಾಳಿ ಎದ್ದಿತ್ತು. ಲೀಡರ್ ಬೆಂಗಳೂರಿನವನು, ಇಪ್ಪತ್ತರ ಆಸುಪಾಸು, ಮೂರು ದಿನವೂ ಎಲ್ಲರಿಗಿಂತ ದೂರ ಹೊಡೆದವನು. ಅವನ ಹಿಂದೆ ಎರಡೇ ಹೊಡೆತದ ಅಂತರದಲ್ಲಿ ಸಿಕಂದರಾಬಾದಿನ ಒಬ್ಬ ಡೆಂಟಿಸ್ಟ್. ಐವತ್ತು ದಾಟಿದವರು, ತೆಳ್ಳಗೆ, ದೂರ ಹೊಡೆಯಲಾರರು. ಬೇರೆ ಹೋಲುಗಳಲ್ಲಿ ಇವರ ಚೆಂಡಿನ ಪಕ್ಕದಲ್ಲೇ ಲೀಡರ್ ಆರಾಮವಾಗಿ ನಡೆದು ಮುಂದೆ ಹೋಗುತ್ತಿದ್ದ. ಇಲ್ಲಿ ಇಬ್ಬರೂ ಅಕ್ಕಪಕ್ಕ ನಿಂತಿದ್ದರು.

ಮೊದಲು ಲೀಡರ್. ಒಂದು ಕ್ಲಬ್ಬು ತೆಗೆದ. ಇಟ್ಟ. ಇನ್ನೊಂದು. ಹುಲ್ಲು ಕಿತ್ತು ತೂರಿದ. ಅದು ಅವನ ಮುಖಕ್ಕೇ ಬಂತು. ಗ್ರೀನಿನ ನಡುವೆ ಸುರಕ್ಷಿತವಾದ ಜಾಗವಿತ್ತು. ಆದರೆ ಅಷ್ಟು ಹತ್ತಿರದಲ್ಲಿ ಕುಳಿಯ ಬಾವುಟ ಕಾಣುವಾಗ ಪಕ್ಕಕ್ಕೆ ಹೊಡೆಯಲು ಇಪ್ಪತ್ತರ ವಯಸ್ಸಿನವರಿಗೆ ನಾಚಿಕೆ. ಬೀಸಿದ. ಕೆಳಗೆ ಬರುವಾಗ ಕೈ ಒಂದಿಷ್ಟು ಅನುಮಾನಪಟ್ಟದ್ದು ನನಗೂ ಕಂಡಿತು. ಚೆಂಡು ಬಂಕರಿನ ಎದೆಗೆ ಬಡಿದು ಮರಳಲ್ಲಿ ಅರ್ಧ ಹೂತುಕೊಂಡಿತು.

ಡೆಂಟಿಸ್ಟ್ ಚಿಕ್ಕದೊಂದು ಬೀಸಿನಲ್ಲಿ, ರೋಗಿಯ ಕುರ್ಚಿ ಒರಗಿಸಿದಷ್ಟೇ ಗಡಿಬಿಡಿಯಿಲ್ಲದೆ, ಗ್ರೀನಿನ ನಡುವೆ ಇಳಿಸಿದರು. ಎರಡು ತಳ್ಳು; ಮೂರು. ಲೀಡರ್ ಬಂಕರಿನಿಂದ ಮೊದಲ ಸಲ ಹೊರಬರಲಿಲ್ಲ. ಎರಡನೆಯ ಸಲ ಬಂದ. ಐದು. ಇಬ್ಬರೂ ಸರಿಸಮ.

ಬಂಡೆಯ ನೆರಳಿನಲ್ಲಿದ್ದವರೆಲ್ಲ ಎದ್ದು ಹದಿನೇಳಕ್ಕೆ ಓಡಿದರು, ಕ್ಯಾಪ್ಟನ್ ಕೂಡ, ಟೋಪಿ ಕೈಯಲ್ಲಿ ಹಿಡಿದುಕೊಂಡು. ಆ ವಯಸ್ಸಿನ ಮನುಷ್ಯ ಹಾಗೆ ಓಡಿದ್ದನ್ನು ನಾನು ನೋಡಿರಲಿಲ್ಲ. ನಾನು ಓಡಲಿಲ್ಲ. ಕಾಲು ಬರುತ್ತಿರಲಿಲ್ಲ.

ಕೊನೆಗೆ ಗೆದ್ದದ್ದು ಬೆಂಗಳೂರಿನವನೇ. ಹದಿನೆಂಟನೆಯದು ಉದ್ದದ ಹೋಲು. ಅಲ್ಲಿ ಅವನ ತೋಳು ಅವನ ಕೈಬಿಡಲಿಲ್ಲ, ಒಂದು ಹೊಡೆತದಿಂದ ಗೆದ್ದ. ಅದೂ ಸರಿಯೇ. ಗಿಡ್ಡ ಹೋಲು ಇರುವುದು ಬಲಶಾಲಿಯನ್ನು ಸೋಲಿಸುವುದಕ್ಕಲ್ಲ. ಒಂದೇ ಒಂದು ಕಡೆ ಅವನನ್ನೂ ಮಿಕ್ಕವರ ಪಕ್ಕದಲ್ಲಿ ನಿಲ್ಲಿಸಿ, ಈಗ ಏನು ಮಾಡ್ತೀಯಪ್ಪಾ ಎಂದು ಕೇಳುವುದಕ್ಕೆ. ಕಪ್ ಹಿಡಿದುಕೊಂಡೇ ಅವನು ನನ್ನ ಹತ್ತಿರ ಬಂದ.

“ಆಂಟಿ, ಆ ಟೀ ಇಟ್ಟಿದ್ದು ನೀವಂತೆ? ನಮ್ ಆಫೀಸ್ ಕ್ಯಾಂಟೀನ್ ಅದಕ್ಕಿಂತ ದೂರ ಇದೆ. ಇವತ್ತು ರಾತ್ರಿ ನಿದ್ದೆ ಬರಲ್ಲ ನನಗೆ.”

“ಗೆದ್ದಿದ್ದೀಯಲ್ಲಪ್ಪಾ?”

“ಗೆದ್ದಿದ್ದಲ್ಲ ನೆನಪಾಗೋದು ಆಂಟಿ.”

ಸೋಮವಾರ ಕಮಿಟಿ. ಅಜೆಂಡಾದಲ್ಲಿ ಹದಿನಾರನೇ ಹೋಲಿನ ವಿಸ್ತರಣೆ ಮೊದಲ ವಿಷಯ. ನಾನು ವಾದಗಳನ್ನು ತಯಾರು ಮಾಡಿಕೊಂಡು ಹೋಗಿದ್ದೆ, ಪ್ರೆಸಿಯ ಹಾಗೆ ಚೊಕ್ಕಟವಾಗಿ. ಆದರೆ ಕ್ಯಾಪ್ಟನ್ ವಿಷಯ ಓದುತ್ತಲೇ ಬಳೆ ಕೇಳಿದವರು ಬಾಯಿ ಹಾಕಿದರು: “ಒಂದ್ನಿಮಿಷ್ರಿ, ನನ್ನ ಆರು ಹೆಂಗಾತು ಹೇಳ್ತೀನಿ.” ಹೇಳಿದರು. ಅವರ ಪಕ್ಕದವರಿಗೆ ಯಾವುದೋ ಕಾಲದ ತಮ್ಮ ಎರಡು ನೆನಪಾಯಿತು; ಅವತ್ತು ಬೀಸಿದ ಗಾಳಿಯ ದಿಕ್ಕು ಸಮೇತ. ಇನ್ನೊಬ್ಬರು ಬಂಡೆಗೆ ಬಡಿದು ತಿರುಗಿ ಕುಳಿಗೇ ಬಿದ್ದ ಚೆಂಡಿನ ಕತೆ ತೆಗೆದರು. “ಸುಳ್ಳು ಹೇಳಬ್ಯಾಡ್ರಿ, ನಾ ಅಲ್ಲೇ ಇದ್ನಿ, ಕುಳಿಗೆ ಬೀಳಲಿಲ್ಲ, ಅಂಚಿಗೆ ನಿಂತಿತ್ತು,” ಎಂದರು ಕ್ಯಾಪ್ಟನ್, ಕನ್ನಡದಲ್ಲಿ. ಚಹಾ ಬಂತು, ಆರಿತು. ಕಡೆಗೆ ಮೈಸೂರಿನ ಹುಡುಗ, ಅಷ್ಟು ಹೊತ್ತು ಲ್ಯಾಪ್‌ಟಾಪ್ ತೆರೆದು ಪ್ರೆಸೆಂಟೇಶನ್ನಿಗೆ ಕಾಯುತ್ತಿದ್ದವನು, ಮೆಲ್ಲಗೆ ಕೈ ಎತ್ತಿದ.

“ಸರ್, ಸ್ಪಾನ್ಸರ್ಸ್ ಡೇ ದಿನ ನಾನಲ್ಲಿ ಟೂ ಮಾಡಿದ್ದೆ.”

“ನೀವs?”

“ಹೌದು ಸರ್. ಮಿಕ್ಕಿದ ಹೋಲ್‌ಗಳಲ್ಲೆಲ್ಲಾ ಹತ್ತು, ಹನ್ನೊಂದು. ಅಲ್ಲೊಂದು ಟೂ. ಅಮ್ಮನಿಗೂ ಫೋನ್ ಮಾಡಿ ಹೇಳಿದ್ದೆ.”

“ಮತ್ತ ಅದನ್ನs ಒಡಸಾಕ್ ಬಂದೀರಲ್ಲೋ ಮಾರಾಯ!”

ಹುಡುಗ ನಕ್ಕ. ಒಂದು ಕ್ಷಣ ತನ್ನ ಸ್ಕ್ರೀನ್ ನೋಡಿಕೊಂಡು, ಲ್ಯಾಪ್‌ಟಾಪ್ ಮುಚ್ಚಿದ. ನಮ್ಮ ಉದ್ದದ ಹನ್ನೊಂದನೇ ಹೋಲಿನಲ್ಲಿ ತಾನು ಎಷ್ಟು ಹೊಡೆದೆನೆಂದು ಆ ಟೇಬಲ್ಲಿನ ಸುತ್ತ ಒಬ್ಬರೂ ಹೇಳಲಿಲ್ಲ. ವಿಸ್ತರಣೆಯ ಪ್ರಸ್ತಾಪವನ್ನು ಮಂಡಿಸುವವರು ಯಾರೆಂದು ಕ್ಯಾಪ್ಟನ್ ಕೇಳಿದಾಗ ಎಲ್ಲರೂ ಬೇರೆ ಯಾರೋ ಇರಬೇಕೆಂಬಂತೆ ಒಬ್ಬರನ್ನೊಬ್ಬರು ನೋಡಿದರು. ಅವರು ಮುಂದಿನ ವಿಷಯಕ್ಕೆ ಹೋದರು. ನನ್ನ ವಾದಗಳು ನನ್ನಲ್ಲೇ ಉಳಿದವು. ಉಸಿರು ಬಿಟ್ಟದ್ದಷ್ಟೇ ನೆನಪು. ಖುಷಿಪಡುವುದಕ್ಕೂ ಒಂದಿಷ್ಟು ತ್ರಾಣ ಬೇಕಲ್ಲ.

ಸಂಜೆ ಜೀಪಿಗೆ ಹೊತ್ತಿತ್ತು. ಸ್ಟೋರಿನಿಂದ ಯಾರದೋ ಹಳೆಯ ಕ್ಲಬ್ಬೊಂದನ್ನು ತೆಗೆದುಕೊಂಡು ಹದಿನಾರಕ್ಕೆ ಹೋದೆ. ಹಿಂದಿನ ದಿಬ್ಬದ ಹೊಸ ಟೀ ಮೇಲೆ ಟಿಟ್ಟಿಭ ಹಕ್ಕಿಯೊಂದು ಓಡಾಡುತ್ತಿತ್ತು. ಆ ಜಾಗ ಅದಕ್ಕೆ ಒಪ್ಪಿಗೆಯಾದ ಹಾಗಿತ್ತು. ಕೆಂಪು ಟೀ ಮೇಲೆ ನಿಂತೆ. ಭುಜ ಬೇಡ ಎಂದಿತು. ಅರ್ಧ ಬೀಸಲೋ ಪೂರ್ತಿ ಬೀಸಲೋ ಎಂದು, ಇಷ್ಟು ವರ್ಷಗಳ ಮೇಲೂ, ಎರಡು ಸಲ ಕ್ಲಬ್ಬು ಎತ್ತಿ ಇಳಿಸಿದೆ. ಬೀಸಿದೆ. ಚೆಂಡು ಬಂಡೆಯ ಸುಣ್ಣದ ಗುರುತಿನ ಮೇಲೇ ಟಕ್ಕೆಂದು ಬಡಿದು, ಇಡೀ ಗ್ರೀನನ್ನು ಹಿಂದಕ್ಕೆ ದಾಟಿ, ಬಂಕರಿಗೆ ಇಳಿಯಿತು. ಅಲ್ಲಿಂದ ಮೇಲೆ ತರಲು ಎರಡು. ಕುಳಿಗೆ ಇನ್ನೆರಡು.

ಐದು. ಚಾಂಪಿಯನ್ ಮಾಡಿದ್ದೂ ಅಷ್ಟೇ. ಮರುದಿನ ಆಫೀಸಿಗೆ ಬಂದವರಿಗೆಲ್ಲ ಹೇಳಿದೆ.